ಬುಧವಾರ ನಾಲ್ಕೂವರೆಗೆ ನಿಂತ ಲಿಫ್ಟು

ಮೊದಲೇ ಕ್ಷಮೆ ಕೇಳಿಕೊಂಡುಬಿಡುತ್ತೇನೆ. ಮನಸ್ಸಿನ ವಿಷಯ ಹೇಳಲು ಅದನ್ನು ಓದಿಕೊಂಡವರು ಬೇಕು, ಲಿಫ್ಟಿನ ವಿಷಯ ಹೇಳಲು ಆ ಕೆಲಸ ಬಲ್ಲವರು ಬೇಕು. ಈ ಕಥೆಯಲ್ಲಿ ಎರಡೂ ಇವೆ, ನನಗೆ ಎರಡೂ ಅಷ್ಟಕ್ಕಷ್ಟೆ. ಎಲ್ಲಾದರೂ ಎಡವಿದ್ದರೆ ತಿದ್ದಿಕೊಂಡು ಓದಿ. ಹೇಳದೆ ಒಳಗೇ ಇಟ್ಟುಕೊಳ್ಳಲು ಮಾತ್ರ ನನ್ನಿಂದ ಆಗಲಿಲ್ಲ.

ಒಬ್ಬ ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಒಂದೊಂದು ಕಟ್ಟಡದ ತಾರಸಿಯ ಮೇಲೂ ಲಿಫ್ಟಿನ ಮೋಟರ್ ಇರುವ ಒಂದು ಪುಟ್ಟ ಕೋಣೆ ಇರುತ್ತದೆ. ಆ ಕೋಣೆಯ ಗೋಡೆಗೆ ಒಂದು ಸರ್ವಿಸ್ ಕಾರ್ಡು ನೇತಾಡುತ್ತಿರುತ್ತದೆ. ತಿಂಗಳಿಗೊಮ್ಮೆ ಹೋಗಿ ಗ್ರೀಸ್ ಹಾಕಿ, ಬ್ರೇಕು ನೋಡಿ, ಹಗ್ಗ ನೋಡಿ, ಪ್ರತಿ ಮಹಡಿಯ ಬಾಗಿಲಿನ ಬೀಗ ನೋಡಿ, ಕಾರ್ಡಿನಲ್ಲಿ ತಾರೀಖು ಬರೆದು ಸಹಿ ಹಾಕಿ ಬರಬೇಕು. ದಿನಕ್ಕೆ ಆರು ಕಟ್ಟಡ. ಅವನ ಕೈ ಎಷ್ಟು ಪಳಗಿತ್ತೆಂದರೆ, ಮೋಟರಿನ ಸದ್ದು ಕೇಳಿಯೇ ಒಳಗೆ ಎಷ್ಟು ಜನ ನಿಂತಿದ್ದಾರೆಂದು ಹೇಳಿಬಿಡುತ್ತಿದ್ದ.

ಈ ಕಥೆಯ ಬುಧವಾರಗಳಿಗೆ ಹದಿನಾಲ್ಕು ತಿಂಗಳು ಮೊದಲು ಒಂದು ಬೆಳಗ್ಗೆ ಅವನು ಒಂದು ಆರು ಮಹಡಿಯ ಕಟ್ಟಡದ ಲಿಫ್ಟ್ ನೋಡಿ, ಸಹಿ ಹಾಕಿ ಹೊರಟ. ಅವತ್ತೇ ಮಧ್ಯಾಹ್ನ ಅದು ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತುಬಿಟ್ಟಿತು. ಒಳಗಿದ್ದವರು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಹೃದಯದ ತೊಂದರೆ ಇದ್ದವರು, ಗುಳಿಗೆ ಮನೆಯಲ್ಲಿ ಬಿಟ್ಟು ಬಂದಿದ್ದರು. ಅಕ್ಕಪಕ್ಕದವರು ಗಾಬರಿಯಿಂದ ಬಾಗಿಲನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ಅವರನ್ನು ಹೊರಗೆಳೆಯುವಷ್ಟರಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕಳೆದಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಅವರು ಮನೆಗೆ ಬಂದರು. ಕಂಪನಿಯ ಎಂಜಿನಿಯರ್ ಬಂದು ನೋಡಿದಾಗ ನಾಲ್ಕನೇ ಮಹಡಿಯ ಬಾಗಿಲಿನ ಬೀಗದೊಳಗೆ ಒಂದು ಸ್ಕ್ರೂ ಸಡಿಲವಾಗಿತ್ತು. ಅದು ಮೊದಲೇ ಸಡಿಲವಾಗಿತ್ತೋ, ಬಾಗಿಲು ಮೀಟುವಾಗ ಸಡಿಲವಾಯಿತೋ ಹೇಳಲು ಬರುವುದಿಲ್ಲ ಎಂದು ಅವರು ವರದಿ ಬರೆದರು. ಮೆಕ್ಯಾನಿಕ್ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ.

ಹೊರಿಸಿದ್ದರೇ ವಾಸಿಯಿತ್ತು. ಆ ಬೆಳಗ್ಗೆ ಆ ಸ್ಕ್ರೂ ತಿರುಗಿಸಿದ್ದು ಅವನಿಗೆ ನೆನಪಿಗೆ ಬರಲೊಲ್ಲದು. ಮೂರನೇ ಮಹಡಿಯದು ನೆನಪಿದೆ, ಐದನೆಯದು ನೆನಪಿದೆ. ನಾಲ್ಕನೆಯದು ಮಾತ್ರ ಖಾಲಿ.

ಅಂದಿನಿಂದ ಶುರುವಾಯಿತು. ಕಾರ್ಡಿಗೆ ಸಹಿ ಹಾಕಿ ಇಳಿದು ಬೀದಿ ತಿರುವಿನ ತನಕ ಹೋಗುವುದು, ಒಂದು ಮಹಡಿ ಬಿಟ್ಟೆನೇನೋ ಎನ್ನಿಸುವುದು, ತಿರುಗಿ ಬಂದು ಎಲ್ಲಾ ಬಾಗಿಲ ಬೀಗಗಳನ್ನೂ ಮತ್ತೆ ನೋಡುವುದು, ಹಳೆಯ ಸಹಿಯ ಪಕ್ಕ ಇನ್ನೊಂದು ಸಹಿ. ಬಸ್ ಹತ್ತಿದವನು ಎರಡನೇ ಸ್ಟಾಪಿನಲ್ಲಿ ಇಳಿದು ವಾಪಸ್ ಬರುತ್ತಿದ್ದ. ಆರು ಕಟ್ಟಡ ನಾಲ್ಕಾಯಿತು, ನಾಲ್ಕು ಎರಡಾಯಿತು. ಜೊತೆಯವರು ಅವನಿಗೆ ‘ಇನ್ನೊಂದ್ಸಲ’ ಎಂದು ಅಡ್ಡಹೆಸರಿಟ್ಟರು. ಎದುರಿಗೇ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಒಂದು ಸೋಮವಾರ ಸೂಪರ್‌ವೈಸರ್ ಅವನನ್ನು ಕರೆದು, ಯಾವುದೋ ಕಟ್ಟಡದ ಕಾರ್ಡನ್ನು ಮೇಜಿನ ಮೇಲಿಟ್ಟರು. ಒಂದೇ ತಾರೀಖಿಗೆ ಏಳು ಸಹಿಗಳಿದ್ದವು.

“ಏನಯ್ಯಾ ಇದು? ಸರ್ವಿಸ್ ಕಾರ್ಡೋ, ಮದುವೆಗೆ ಬಂದವರ ಪಟ್ಟಿಯೋ?”

“ಸಾರ್, ನೋಡಿದ್ದನ್ನೇ ನೋಡಿದ್ರೆ ತಪ್ಪೇನಿಲ್ವಲ್ಲ ಸಾರ್.”

“ತಪ್ಪಿಲ್ಲ. ನೀನು ಇಲ್ಲಿ ಏಳು ಸಲ ನೋಡೋ ಹೊತ್ತಿಗೆ ಇನ್ನು ನಾಲ್ಕು ಕಟ್ಟಡಾನ ಯಾರೂ ಒಂದ್ಸಲಾನೂ ನೋಡಿರಲ್ಲ, ಅದು ತಪ್ಪು.” ಆಮೇಲೆ ದನಿ ತಗ್ಗಿಸಿದರು. “ಎರಡು ತಿಂಗಳು ಕೊಡ್ತೀನಿ. ದಿನಕ್ಕೆ ಆರು ಕಟ್ಟಡ, ಒಂದಕ್ಕೆ ಒಂದು ಸಹಿ. ಆಗಲಿಲ್ಲ ಅಂದ್ರೆ ಸ್ಟೋರಿಗೆ ಹಾಕ್ತೀನಿ. ಅಲ್ಲಿ ಕೂತು ಬೋಲ್ಟ್ ಎಣಿಸ್ಕೊಂಡಿರು. ಕಂಪನಿಯವರು ಫೋನಲ್ಲಿ ಕೌನ್ಸೆಲಿಂಗ್ ಕೊಡಿಸ್ತಾರಂತೆ, ಆರು ಸಲ. ಬುಧವಾರ ಒಂದು ಗಂಟೆ ಬಿಡುವು ಕೊಡ್ತೀನಿ, ಮಾತಾಡು.”

ಸ್ಟೋರು ಎಂದರೆ ಕಿಟಕಿ ಇಲ್ಲದ ನೆಲಮಾಳಿಗೆ. ತಾರಸಿಯಿಂದ ತಾರಸಿಗೆ ಇಪ್ಪತ್ತೆರಡು ವರ್ಷ ಓಡಾಡಿದವನು ಮಾತಾಡುತ್ತೇನೆಂದು ಒಪ್ಪಿಕೊಂಡ.

ಅವನ ಹೆಂಡತಿ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸದಲ್ಲಿದ್ದಳು. ಅಪಾಯಿಂಟ್‌ಮೆಂಟು ಅವಳಿಗೆ ಹೊಸದಲ್ಲ. ಅವಳೇ ಫೋನಿನಲ್ಲಿ ಸಮಯ ಗೊತ್ತುಮಾಡಿದಳು: ಬುಧವಾರ ನಾಲ್ಕೂವರೆ.

“ಹಲ್ಲು ನೋವಿದ್ದೋರು ಬಾಯಿ ತೆಗೆಯೋಕೆ ಹೆದರ್ತಾರೆ ನೋಡ್ರೀ, ಹಾಗೆ ಮಾಡ್ಬೇಡಿ,” ಎಂದಳು. “ಬಾಯಿ ತೆಗೀರಿ ಅಷ್ಟೆ.”

ಹಿಂದಿನ ದಿನ ಫೋನಿಗೆ ಸೂಚನೆ ಬಂತು. ಸದ್ದಿಲ್ಲದ ಜಾಗ ನೋಡಿಕೊಳ್ಳಿ, ಇಯರ್‌ಫೋನ್ ಇರಲಿ, ಮನಸ್ಸಿನಲ್ಲಿರುವ ಒಂದೆರಡು ವಿಷಯ ಬರೆದಿಟ್ಟುಕೊಳ್ಳಿ, ಹತ್ತಿರ ನೀರಿರಲಿ. ಬೇರೆಯವರಾದರೆ ಓದಿ ಸುಮ್ಮನಾಗುತ್ತಿದ್ದರೋ ಏನೋ. ಇವನು ರಟ್ಟು ಕತ್ತರಿಸಿ, ಗೆರೆ ಎಳೆದು, ಸರ್ವಿಸ್ ಕಾರ್ಡೇ ಮಾಡಿದ. ಚಾರ್ಜು, ಇಂಟರ್‌ನೆಟ್ಟು, ಇಯರ್‌ಫೋನು, ಫೋನು ಒರಗಿಸುವ ಜಾಗ, ಮುಖಕ್ಕೆ ಬೆಳಕು, ನೀರು, ಪೆನ್ನು, ಬಾಗಿಲ ಚಿಲಕ, ಮನೆಯವರಿಗೆ ಹೇಳಿದ್ದು, ಹೇಳಬೇಕಾದ ಮೂರು ಸಂಗತಿ, ಕೇಳಬೇಕಾದ ಒಂದು ಪ್ರಶ್ನೆ. ಹನ್ನೊಂದು ಸಾಲು, ಪ್ರತಿ ಸಾಲಿನ ಮುಂದೆ ಗುರುತು ಹಾಕಲು ಒಂದು ಚೌಕ.

ಕೇಳಬೇಕಾದ ಪ್ರಶ್ನೆ ಒಂದೇ: ಆ ಸ್ಕ್ರೂ ನನ್ನಿಂದ ಸಡಿಲವಾಗಿತ್ತಾ?

ಮೊದಲ ಸಲ ಮಾತಾಡಿದ್ದು ಮನೆಯ ಒಳಕೋಣೆಯಲ್ಲಿ. ಇರುವುದೇ ಎರಡು ಕೋಣೆ. ಹೊರಗಿನದರಲ್ಲಿ ಅವನ ತಾಯಿ ಕೂತಿದ್ದಳು. ಅವಳಿಗೆ ಒಂದು ಕಿವಿ ಮಂದ, ಇನ್ನೊಂದು ಅದರ ಪಾಲಿನದನ್ನೂ ಸೇರಿಸಿ ಕೇಳಿಸಿಕೊಳ್ಳುತ್ತಿತ್ತು. ಫೋನಿನಲ್ಲಿ ಆಪ್ತಸಮಾಲೋಚಕಿ ಕಂಡರು. ನಲವತ್ತರ ಆಸುಪಾಸಿನ ಹೆಂಗಸು, ಹಿಂದೆ ಬಿಳಿ ಗೋಡೆ, ಒಂದು ಕುಂಡ. ಅವನು ಬರೆದುಕೊಂಡಿದ್ದ ಹಾಳೆಯನ್ನು ಮುಖದ ಮುಂದೆ ಹಿಡಿದು, ಪಾಠ ಒಪ್ಪಿಸುವವನಂತೆ ಓದತೊಡಗಿದ.

“ನನಗೆ ನೋಡಿದ್ದನ್ನೇ ಮತ್ತೆ ಮತ್ತೆ ನೋಡುವ ಚಾಳಿ ಇರುತ್ತದೆ. ಇದು ಹದಿನಾಲ್ಕು ತಿಂಗಳಿಂದ...”

“ಒಂದು ನಿಮಿಷ,” ಎಂದರು ಅವರು. “ನನಗೆ ಹಾಳೆ ಕಾಣ್ತಿದೆ, ನೀವು ಕಾಣ್ತಿಲ್ಲ.”

ಹಾಳೆ ಇಳಿಸಿದ. ಮಾತೂ ಇಳಿದುಹೋಯಿತು. ತಡವರಿಸುತ್ತ ಪೋಸ್ಟ್‌ಮ್ಯಾನರ ವಿಷಯಕ್ಕೆ ಬಂದ. ದನಿ ಒಡೆಯುತ್ತಿದ್ದ ಹೊತ್ತಿಗೆ ಸರಿಯಾಗಿ ಬಾಗಿಲು ದಬದಬ ಬಡಿದ ಸದ್ದಾಯಿತು.

“ಲೋ! ಒಬ್ಬನೇ ಏನೋ ಮಾತಾಡ್ಕೊತಿದೀಯಾ? ಆಚೆ ಕಡೆಯವರ ದನೀನೇ ಇಲ್ವಲ್ಲೋ!”

“ಅಮ್ಮಾ, ಕಿವೀಲಿ ಹಾಕ್ಕೊಂಡಿದೀನಿ ಕಣಮ್ಮಾ, ನಿಂಗೆ ಕೇಳಲ್ಲ!”

“ನಂಗೆ ಕೇಳಲ್ಲ ಅಂತ ನಿಂಗ್ಯಾರೋ ಹೇಳಿದ್ದು?”

“ಅತ್ತೆ, ಈಚೆ ಬನ್ನಿ, ಬನ್ನಿ,” ಎಂದು ಹೆಂಡತಿ ಎಳೆದುಕೊಂಡು ಹೋದದ್ದು ಕೇಳಿಸಿತು. ಆ ಮೇಲೆ ಹೊರಗೆ ಭಾರೀ ಮೌನ. ಆ ಮೌನಕ್ಕೂ ಕಿವಿ ಇತ್ತು. ಅವನಿಗೆ ಮುಂದೆ ಒಂದು ಮಾತೂ ಹೊರಡಲಿಲ್ಲ. ಸಮಾಲೋಚಕಿ ನಕ್ಕರು. ಆದರೆ ಅವನನ್ನು ನೋಡಿ ನಕ್ಕ ಹಾಗಿರಲಿಲ್ಲ.

“ಮುಂದಿನ ವಾರಕ್ಕೆ ಬೇರೆ ಜಾಗ ನೋಡಿ,” ಎಂದರು. “ಒಬ್ಬರೂ ಕೇಳಿಸಿಕೊಳ್ಳದ ಕಡೆ. ನಿಮಗೆ ಅಂಥ ಜಾಗ ಯಾವುದಾದರೂ ಇದೆಯಾ?”

ಇತ್ತು. ಅವನು ಬುಧವಾರ ಕೆಲಸ ಮಾಡುವ ಬಡಾವಣೆಯಲ್ಲಿದ್ದ ಎಂಟು ಮಹಡಿಯ ವಸತಿ ಕಟ್ಟಡದ ಮೋಟರ್ ಕೋಣೆ. ಕಬ್ಬಿಣದ ಬಾಗಿಲು, ಒಳಗಿನಿಂದ ಚಿಲಕ, ತಾರಸಿಯ ಮೇಲೆ ಪಾರಿವಾಳ ಬಿಟ್ಟರೆ ಯಾರೂ ಇಲ್ಲ. ಎರಡನೇ ಬುಧವಾರ ಗ್ರೀಸ್ ಡಬ್ಬಿಗೆ ಫೋನು ಒರಗಿಸಿ, ಬೋರಲು ಹಾಕಿದ ಬಕೆಟಿನ ಮೇಲೆ ಕೂತ. ನೆಟ್ಟು ಮನೆಗಿಂತ ಚೆನ್ನಾಗಿತ್ತು. ಆದರೆ ಎರಡು ನಿಮಿಷಕ್ಕೊಮ್ಮೆ ಕೆಳಗೆ ಯಾರೋ ಗುಂಡಿ ಒತ್ತುವರು, ಪ್ಯಾನೆಲಿನಲ್ಲಿ ಟಕ್ ಎನ್ನುವುದು, ಬ್ರೇಕು ಬಿಡುವುದು, ಮೋಟರು ಗುಂಯ್ ಎಂದು ತಿರುಗುವುದು. ಪ್ರತಿ ಸಲವೂ ಅವನ ಕಣ್ಣು ಫೋನಿನಿಂದ ಮೋಟರಿನ ಕಡೆಗೆ ಹೊರಳುತ್ತಿತ್ತು.

“ನೀವು ನನ್ನ ಮಾತು ಕೇಳ್ತಿದೀರೋ, ಅದರ ಮಾತು ಕೇಳ್ತಿದೀರೋ?” ಎಂದು ಸಮಾಲೋಚಕಿ ಕೇಳಿದರು.

“ಎರಡೂ ಮೇಡಂ. ಈಗ ಮೂರು ಜನ ಹತ್ತಿದ್ರು. ಒಬ್ರು ಸ್ವಲ್ಪ ದಪ್ಪ.”

ಅವತ್ತು ಹಾಗೂ ಹೀಗೂ ಅವನು ಅಷ್ಟೂ ಹೇಳಿಕೊಂಡ. ಅವರು ಉಪದೇಶ ಮಾಡಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಅದು ಅವನಿಗೆ ವಿಚಿತ್ರವೆನಿಸಿತು. ಬದಲಿಗೆ ಮನೆಗೆಲಸ ಕೊಟ್ಟರು. ವಾರದಲ್ಲಿ ಒಂದು ಕಟ್ಟಡ ಆರಿಸಿಕೊಳ್ಳಿ. ಒಂದೇ ಸಹಿ ಹಾಕಿ ಬೀದಿ ತಿರುವಿನ ತನಕ ಹೋಗಿ ನಿಲ್ಲಿ. ತಿರುಗಿ ಹೋಗಬೇಕು ಅನ್ನಿಸುತ್ತಲ್ಲ, ಅದಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಿ. ಐದೈದು ನಿಮಿಷಕ್ಕೆ ಬರೆದುಕೊಳ್ಳಿ. ಓಡಿಸಲು ಹೋಗಬೇಡಿ, ಓಡಿಹೋಗಲೂ ಬೇಡಿ. ಸುಮ್ಮನೆ ಅಳೆಯಿರಿ.

ಅಳೆಯುವ ಕೆಲಸವೆಂದರೆ ಅವನಿಗೆ ಸಲೀಸು. ಶುಕ್ರವಾರ ತಿರುವಿನಲ್ಲಿ ಬೀಗ ರಿಪೇರಿ ಅಂಗಡಿಯ ಮುಂದೆ ನಿಂತು ಬರೆದ: ಒಂಬತ್ತು. ಒಂಬತ್ತು. ಒಂಬತ್ತೂವರೆ. ಎಂಟು. ಅಷ್ಟಕ್ಕೆ ತಾಳ್ಮೆ ತಪ್ಪಿ ಓಡಿದ, ಎಂಟು ಬಾಗಿಲೂ ಮತ್ತೆ ನೋಡಿದ. ಆದರೂ ಆ ಎಂಟು ಅವನ ತಲೆಯಲ್ಲಿ ಉಳಿಯಿತು. ಏನೂ ಮಾಡದೆ ಸುಮ್ಮನೆ ನಿಂತಿದ್ದಕ್ಕೇ ಒಂದೂವರೆ ಇಳಿದಿತ್ತಲ್ಲ!

ಮೂರನೇ ಬುಧವಾರ ಬಂತು. ಅವತ್ತು ಪ್ರಶ್ನೆ ಕೇಳಿಯೇಬಿಡಬೇಕು ಎಂದು ಅವನು ಗಟ್ಟಿಮನಸ್ಸು ಮಾಡಿದ್ದ. ಮೋಟರಿನ ಸದ್ದು ನಡುವೆ ಬಾಯಿ ಹಾಕಬಾರದು. ಕೆಳಗೆ ನೆಲಮಹಡಿಯಲ್ಲಿ ‘ಲಿಫ್ಟ್ ದುರಸ್ತಿಯಲ್ಲಿದೆ’ ಎಂಬ ಬೋರ್ಡು ನೇತುಹಾಕಿ, ಮೆಟ್ಟಿಲು ಹತ್ತಿಕೊಂಡೇ ಮೇಲೆ ಬಂದ. ಕಾರ್ಡು ತೆಗೆದು ಹನ್ನೊಂದು ಚೌಕಕ್ಕೂ ಗುರುತು ಹಾಕಿದ. ಚಾರ್ಜು, ನೆಟ್ಟು, ನೀರು, ಚಿಲಕ, ಎಲ್ಲಾ ಆಯಿತು. ನಾಲ್ಕೂವರೆಗೆ ಒಂದು ನಿಮಿಷ ಇರುವಾಗ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಕೆಳಗೆಳೆದ. ಕೋಣೆ ಸ್ತಬ್ಧವಾಯಿತು. ಪಾರಿವಾಳ ಗುಟುರುವುದು ಕೂಡ ಕೇಳಿಸಿತು.

ಕರೆಂಟು ತೆಗೆಯುವ ಮೊದಲು ಲಿಫ್ಟನ್ನು ಮೇಲಿನ ಮಹಡಿಗೆ ಕರೆಸಿ, ಬಾಗಿಲು ತೆಗೆದು, ಒಳಗೆ ಯಾರೂ ಇಲ್ಲವೆಂದು ಕಣ್ಣಾರೆ ನೋಡಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ಹೇಳಿಕೊಡುವ ಪಾಠ ಅದು. ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಅವತ್ತು ಹನ್ನೊಂದು ಗುರುತು ಹಾಕಿ ಮುಗಿಸಿದಾಗ, ನೋಡಬೇಕಾದ್ದನ್ನೆಲ್ಲ ನೋಡಿಯಾಯಿತು ಎಂದು ಅವನ ಕೈಗೆ ಅನ್ನಿಸಿಬಿಟ್ಟಿತು. ಹನ್ನೊಂದರಲ್ಲಿ ಲಿಫ್ಟ್ ಇರಲಿಲ್ಲ.

ಮಾತು ಅವತ್ತು ಸರಾಗವಾಗಿ ಹರಿಯಿತು. ಒಂಬತ್ತೂವರೆಯ ಕಥೆ ಹೇಳಿದ, ಎಂಟರ ಕಥೆ ಹೇಳಿದ. ಸಮಾಲೋಚಕಿಯ ಮುಖ ಅರಳಿತು.

“ತಿರುಗಿ ಹೋಗಬೇಕು ಅನ್ನೋ ಈ ಒತ್ತಾಯ ಏನಂತ ಹೆದರಿಸುತ್ತೆ ನಿಮ್ಮನ್ನ? ಅದರ ಬಾಯಲ್ಲೇ ಹೇಳಿ.”

“ಯಾರೋ ಒಬ್ರು ಒಳಗೆ ಸಿಕ್ಕಿಹಾಕ್ಕೊಂಡಿರ್ತಾರೆ ಅಂತ, ಮೇಡಂ. ಅದೂ ನನ್ನ ಕೈಯಿಂದಲೇ.”

“ಹಾಗೇನಾದರೂ ಆದರೆ?”

“ಆದ್ರೆ... ಅಲ್ಲಿಗೆ ಮುಗೀತು ಮೇಡಂ. ಅದರ ಮುಂದೆ ಏನೂ ಕಾಣಲ್ಲ ನನಗೆ.”

ಆಗ ಗಂಟೆ ಹೊಡೆದುಕೊಂಡಿತು.

ಲಿಫ್ಟಿನ ಒಳಗಿನ ಕೆಂಪು ಗುಂಡಿ ಒತ್ತಿದರೆ ಹೊಡೆಯುವ ಗಂಟೆ ಅದು. ಒಳಗಿನ ಪುಟ್ಟ ದೀಪದ ಹಾಗೆ ಅದೂ ಬ್ಯಾಟರಿಯದು, ಕರೆಂಟು ಇರದಿದ್ದರೂ ಹೊಡೆದುಕೊಳ್ಳುತ್ತದೆ. ಅವನ ಕಾಲು ನೆಲಕ್ಕೇ ಅಂಟಿಕೊಂಡಂತಾಯಿತು.

“ಏನದು?” ಎಂದರು ಸಮಾಲೋಚಕಿ.

“ಒಳಗೆ ಯಾರೋ ಇದಾರೆ,” ಎಂದ. ತನ್ನ ದನಿ ತನಗೇ ದೂರದಿಂದ ಬಂದಂತಿತ್ತು. “ನಾನೇ ಆಫ್ ಮಾಡ್ಬಿಟ್ಟೆ ಮೇಡಂ. ನಾನು ನೋಡ್ಲೇ ಇಲ್ಲ.”

“ಅವರನ್ನ ಹೊರಗೆ ತರೋದು ಹೇಗೆ ಅಂತ ನಿಮಗೆ ಗೊತ್ತಾ?”

“ಗೊತ್ತು.”

“ಹೋಗಿ ಮಾಡಿ. ನಾನಿಲ್ಲೇ ಇರ್ತೀನಿ.”

ಗೊತ್ತು ಎಂಬ ಮಾತು ಬಾಯಿಂದ ಬಿದ್ದದ್ದೇ ಕಾಲು ಎದ್ದಿತು. ಕೋಣೆಯ ಮೂಲೆಯಲ್ಲಿ ಲಿಫ್ಟಿನ ಒಳಗಿನವರ ಜೊತೆ ಮಾತಾಡುವ ಇಂಟರ್‌ಕಾಮ್ ಇತ್ತು. ಎತ್ತಿದ.

“ಹಲೋ, ಮೆಕ್ಯಾನಿಕ್ ಮಾತಾಡ್ತಿರೋದು. ಗಾಬರಿ ಆಗ್ಬೇಡಿ.”

“ಗಾಬರಿ ಆಗಿರೋದು ನಾನಲ್ಲ, ನೀನು,” ಎಂದಿತು ಒಂದು ದನಿ. “ದನಿ ನಡುಗ್ತಿದೆ ನಿಂದು.”

ಐದನೇ ಮಹಡಿಯ ಟೀಚರಮ್ಮ! ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಕಟ್ಟಡದಲ್ಲಿ ಎಲ್ಲರೂ ಅವರನ್ನು ಕಂಡರೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

“ಉಸಿರಾಟ ಸರಿಯಾಗಿದೆಯಾ ಟೀಚರಮ್ಮ? ಎದೆನೋವು ಗಿದೆನೋವು ಏನಾದ್ರೂ?”

“ಮಂಡಿನೋವು. ಅದು ಹತ್ತು ವರ್ಷದಿಂದ ಇದೆ, ಅದಕ್ಕೂ ನಿಂಗೂ ಸಂಬಂಧ ಇಲ್ಲ.”

“ಬಾಗಿಲಿಂದ ದೂರ ನಿಂತ್ಕೊಳ್ಳಿ. ಕೈ ಎಲ್ಲೂ ಇಡಬೇಡಿ. ಸ್ವಿಚ್ ಹಾಕ್ತೀನಿ, ತಾನಾಗೇ ಕೆಳಗಡೆ ಹೋಗಿ ಬಾಗಿಲು ತೆಗೆಯುತ್ತೆ.”

ಎಲ್ಲಾ ಮಹಡಿಯ ಬಾಗಿಲೂ ಮುಚ್ಚಿದೆಯೆಂದು ತೋರಿಸುವ ಪ್ಯಾನೆಲಿನ ದೀಪ ಬ್ಯಾಟರಿಯಲ್ಲಿ ಉರಿಯುತ್ತಿತ್ತು. ನೋಡಿದ. ಒಂದೇ ಸಲ ನೋಡಿದ. ಎರಡನೇ ಸಲ ನೋಡಲು ಪುರುಸೊತ್ತಿರಲಿಲ್ಲ. ಸ್ವಿಚ್ಚನ್ನು ಮೇಲೆತ್ತಿದ. ಟಕ್ ಎಂದಿತು, ಬ್ರೇಕು ಬಿಟ್ಟಿತು, ಮೋಟರು ತಿರುಗಿತು. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಅವನು ಎಂಟು ಮಹಡಿ ಇಳಿದು ಕೆಳಗೆ ಬಂದಾಗ ಟೀಚರಮ್ಮ ಬೋರ್ಡಿನ ಪಕ್ಕ ನಿಂತು ಅದರ ಅಕ್ಷರಗಳನ್ನು ಓದುತ್ತಿದ್ದರು. ಕೈಯಲ್ಲಿ ಪತ್ರಿಕೆ, ಅದರಲ್ಲಿ ಅರ್ಧ ತುಂಬಿಸಿದ ಪದಬಂಧ.

“ಎಷ್ಟು ಹೊತ್ತಾಯ್ತು ನೀವು ಒಳಗೆ?” ಅವನು ಏದುಸಿರು ಬಿಡುತ್ತಿದ್ದ.

“ಇಪ್ಪತ್ತೈದು ನಿಮಿಷ.”

“ಅಷ್ಟು ಹೊತ್ತು ಗಂಟೆ ಯಾಕೆ ಒತ್ಲಿಲ್ಲ?”

“ನೀನು ಮೆಟ್ಟಿಲು ಹತ್ತಿ ಹೋಗಿದ್ದು ಐದನೇ ಮಹಡಿಯಿಂದ ನೋಡಿದ್ದೆ, ಬೋರ್ಡು ಕೆಳಗಿತ್ತು, ಕಾಣ್ಲಿಲ್ಲ. ಈಗ ಸರಿಮಾಡ್ತಾನೆ, ಈಗ ಸರಿಮಾಡ್ತಾನೆ ಅಂತ ನೆಲದ ಮೇಲೆ ಕೂತು ಪದಬಂಧ ಬಿಡಿಸ್ತಿದ್ದೆ. ಪೆನ್ನಲ್ಲಿ ಇಂಕು ಮುಗೀತು, ಒತ್ತಿದೆ.” ಕನ್ನಡಕದ ಮೇಲಿನಿಂದ ನೋಡಿದರು. “ಏನಾಗಿತ್ತು ಲಿಫ್ಟಿಗೆ?”

ಹೇಳಲು ಸುಲಭದ ಸುಳ್ಳುಗಳು ಹತ್ತಿದ್ದವು. ಕರೆಂಟು ಹೋಗಿತ್ತು ಎನ್ನಬಹುದಿತ್ತು. ಹಗ್ಗ ನೋಡುತ್ತಿದ್ದೆ ಎನ್ನಬಹುದಿತ್ತು. ಬಾಯಿ ತೆಗೀರಿ ಅಷ್ಟೆ ಎಂದಿದ್ದಳು ಹೆಂಡತಿ.

“ಲಿಫ್ಟಿಗೆ ಏನೂ ಆಗಿರ್ಲಿಲ್ಲ. ನನಗೆ ಆಗಿದೆ,” ಎಂದ. “ಬುಧವಾರ ಬುಧವಾರ ಫೋನಲ್ಲಿ ಕೌನ್ಸೆಲಿಂಗ್ ಇರುತ್ತೆ ಟೀಚರಮ್ಮ. ಸದ್ದಾಗಬಾರ್ದು ಅಂತ ಆಫ್ ಮಾಡಿದ್ದೆ. ಒಳಗೆ ಯಾರಾದ್ರೂ ಇದಾರಾ ಅಂತ ನೋಡ್ಲಿಲ್ಲ. ನನ್ನದೇ ತಪ್ಪು.”

ಟೀಚರಮ್ಮ ಪತ್ರಿಕೆ ಮಡಚಿ ಕಂಕುಳಲ್ಲಿಟ್ಟುಕೊಂಡರು. ಆಮೇಲೆ, “ತಪ್ಪು ಹೌದು. ಸಣ್ಣದೂ ಅಲ್ಲ. ನನ್ನ ಜಾಗದಲ್ಲಿ ಹೆದರೋ ಸ್ವಭಾವದವರು ಇದ್ದಿದ್ರೆ? ಹೋಗಿ ಬರೆದಿಡು. ನಾನೇನೂ ಮುಚ್ಚಿಡೋಳಲ್ಲ,” ಎಂದರು. ಎರಡು ಹೆಜ್ಜೆ ಹೋಗಿ ನಿಂತು, “ಆ ಫೋನು ಹಾಗೇ ಇಟ್ಟು ಬಂದಿದೀಯಾ? ಅವರು ಕಾಯ್ತಿಲ್ವಾ? ಹೋಗು, ಹೋಗು,” ಎಂದು ಗದರಿಸಿದರು.

ಸಮಾಲೋಚಕಿ ಕಾಯುತ್ತಿದ್ದರು. ಹನ್ನೆರಡು ನಿಮಿಷದಿಂದ ಗ್ರೀಸ್ ಡಬ್ಬಿಯ ಎದುರಿನ ಖಾಲಿ ಗೋಡೆಯನ್ನೇ ನೋಡಿಕೊಂಡು ಕೂತಿದ್ದರು.

“ಹೊರಗೆ ಬಂದ್ರಾ?”

“ಬಂದ್ರು. ಬೈದ್ರು.”

“ಮುಂದೆ ಏನೂ ಕಾಣಲ್ಲ ಅಂದಿದ್ರಿ.”

ಅವನು ಬಕೆಟಿನ ಮೇಲೆ ಕುಸಿದು ಕೂತ. “ಮೆಟ್ಟಿಲು ಕಾಣಿಸ್ತು ಮೇಡಂ,” ಎಂದ.

ಅವತ್ತೂ ಪ್ರಶ್ನೆ ಕೇಳುವುದು ಉಳಿಯಿತು.

ಮರುದಿನ ಬೆಳಗ್ಗೆ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸೂಪರ್‌ವೈಸರ್ ಕೈಗೆ ಕೊಟ್ಟ. ಅವರು ಓದಿದರು, ಕೆಂಪಗಾದರು, ಕುರ್ಚಿ ಹಿಂದೆ ತಳ್ಳಿ ಎದ್ದರು.

“ನಿನಗೆ ತಲೆ ಇದೆಯೇನಯ್ಯಾ? ಏಳೇಳು ಸಲ ನೋಡೋನು, ನೋಡಲೇಬೇಕಾದ್ದನ್ನ ನೋಡಲ್ವಾ? ಎಚ್ಚರಿಕೆ ಪತ್ರ ಕೊಡ್ತೀನಿ, ತಪ್ಪಿಸಕ್ಕಾಗಲ್ಲ. ಇನ್ನು ಯಾವ ಕಟ್ಟಡದಲ್ಲೂ ಆ ಫೋನು ಗೀನು ಅಂತ...”

“ಆಗಲಿ ಸಾರ್.”

ಸೂಪರ್‌ವೈಸರ್ ಹಾಳೆಯನ್ನು ಮತ್ತೆ ಎತ್ತಿಕೊಂಡರು. ತಿರುಗಿಸಿ ಹಿಂಬದಿ ನೋಡಿದರು, ಮತ್ತೆ ಮುಂದೆ ನೋಡಿದರು. “ಒಂದೇ ಸಹಿ ಹಾಕಿದೀಯ,” ಎಂದರು.

ಅವನು ಬಗ್ಗಿ ನೋಡಿದ. ಹೌದು, ಒಂದೇ. ಪಕ್ಕದಲ್ಲಿ ಜಾಗವೂ ಬೇಕಾದಷ್ಟಿತ್ತು. ಹಾಕುವಾಗ ಇನ್ನೊಂದು ಹಾಕಬೇಕೆಂಬ ಯೋಚನೆಯೇ ಸುಳಿದಿರಲಿಲ್ಲ. ಏನಾಯಿತೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಬರೆದಿದ್ದ, ಅಷ್ಟೆ. ಎಚ್ಚರಿಕೆ ಪತ್ರ ಸಂಜೆಗೇ ಬಂತು. ಅದನ್ನು ಮಡಚಿ ಹನ್ನೊಂದು ಚೌಕದ ಕಾರ್ಡಿನ ಜೊತೆ ಜೇಬಿನಲ್ಲಿಟ್ಟುಕೊಂಡ.

ಮುಂದಿನ ಬುಧವಾರಕ್ಕೆ ಜಾಗವಿರಲಿಲ್ಲ. ಮನೆಯಲ್ಲಿ ತಾಯಿಯ ಕಿವಿ, ಕಟ್ಟಡಗಳಲ್ಲಿ ಸೂಪರ್‌ವೈಸರ್ ಆಜ್ಞೆ. ಪಾರ್ಕಿನ ಬೆಂಚೋ ಬಸ್‌ಸ್ಟ್ಯಾಂಡೋ ಎಂದು ಲೆಕ್ಕ ಹಾಕುತ್ತಿದ್ದಾಗ ಆ ಎಂಟು ಮಹಡಿಯ ಕಟ್ಟಡದ ಕಾವಲುಗಾರನಿಂದ ಫೋನು ಬಂತು. “ಟೀಚರಮ್ಮ ನಿಮ್ಮನ್ನ ಕೇಳಿದ್ರು. ಅವರ ಮನೇಲಿ ಓದೋ ರೂಮು ಖಾಲಿ ಇದೆಯಂತೆ. ಬುಧವಾರ ನಾಲ್ಕೂವರೆಗೆ ಅವರು ವಾಕಿಂಗ್ ಹೋಗ್ತಾರಂತೆ. ಬೆಲ್ ಒಂದೇ ಸಲ ಒತ್ಬೇಕಂತೆ.”

ಸೂಪರ್‌ವೈಸರ್‌ಗೆ ಹೇಳಿ, ಒಪ್ಪಿಗೆ ಪಡೆದು ಹೋದ. ಗೋಡೆ ತುಂಬ ಪುಸ್ತಕ, ಒಂದು ಮೇಜು, ಮೇಜಿನ ಮೇಲೆ ಮುಚ್ಚಿಟ್ಟ ಒಂದು ಲೋಟ ನೀರು. ಟೀಚರಮ್ಮ ಕೋಲು ಹಿಡಿದು ಹೊರಟರು. “ಮೆಟ್ಟಿಲಲ್ಲೇ ಹೋಗ್ತೀರಾ?” ಎಂದು ಸಂಕೋಚದಿಂದ ಕೇಳಿದ. “ಯಾಕೆ, ಲಿಫ್ಟ್ ಚೆನ್ನಾಗಿದೆಯಲ್ಲ?” ಎಂದು ಲಿಫ್ಟಿನಲ್ಲೇ ಇಳಿದುಹೋದರು.

ಅವತ್ತು ಅವನು ಕಾರ್ಡು ಜೇಬಿನಿಂದ ತೆಗೆಯಲಿಲ್ಲ. ಫೋನು ಮೇಜಿನ ಮೇಲೆ ಒರಗಿಸಿ, ನೀರು ಕುಡಿದು, ಸಮಾಲೋಚಕಿಯ ಮುಖ ಕಂಡ ಕೂಡಲೇ ಕೇಳಿಬಿಟ್ಟ.

“ಮೇಡಂ, ಆ ಪೋಸ್ಟ್‌ಮ್ಯಾನರ ಲಿಫ್ಟಿನ ಸ್ಕ್ರೂ, ನನ್ನಿಂದಾನೇ ಸಡಿಲ ಆಗಿತ್ತಾ? ನಿಮಗೇನನ್ಸುತ್ತೆ? ಅಲ್ಲ ಅಂತ ಒಂದ್ಸಲ ಹೇಳಿಬಿಡಿ.”

ಅವರು ಫೋನಿನ ಹತ್ತಿರಕ್ಕೆ ಬಾಗಿದರು.

“ಅಲ್ಲ ಅಂತ ಹೇಳಬಹುದು. ನಾಳೆ ಇನ್ನೊಂದ್ಸಲ ಹೇಳಿ ಅಂತ ಕೇಳ್ತೀರಿ. ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಆ ಎಂಜಿನಿಯರ್‌ಗೂ ಗೊತ್ತಾಗಲಿಲ್ಲ.”

ಅವನ ಕಣ್ಣು ತುಂಬಿಬಂತು. ಹದಿನೈದು ತಿಂಗಳಿಂದ ಎಲ್ಲರೂ ನಿನ್ನ ತಪ್ಪಲ್ಲ, ನಿನ್ನ ತಪ್ಪಲ್ಲ ಎಂದು ಬೆನ್ನು ತಟ್ಟಿದ್ದರು. ಹೆಂಡತಿ ಹೇಳಿದ್ದಳು, ತಾಯಿ ಹೇಳಿದ್ದಳು. ಒಂದು ಮಾತೂ ಒಳಗಿಳಿದಿರಲಿಲ್ಲ. ಇದು ಇಳಿಯಿತು. ಕಹಿಯಾಗಿತ್ತು, ಆದರೆ ನಿಜವಾಗಿತ್ತು.

“ಗೊತ್ತಿಲ್ಲ ಅಂತಿಟ್ಕೊಂಡು ಕೆಲಸ ಮಾಡೋದು ಹೇಗೆ ಮೇಡಂ?”

“ಹೋದ ವಾರ ಮಾಡಿದ್ರಲ್ಲ. ಗಂಟೆ ಹೊಡೀತು, ಗೊತ್ತಿದ್ದ ಕೆಲಸ ಮಾಡಿದ್ರಿ. ಏನಾಗುತ್ತೋ ಗೊತ್ತಿರಲಿಲ್ಲ ಆಗಲೂ.”

ಆಮೇಲಿನ ವಾರಗಳು ಸಲೀಸಾಗಿದ್ದವು ಎಂದರೆ ಸುಳ್ಳಾಗುತ್ತದೆ. ಒಂದು ದಿನ ಮೂರು ಕಟ್ಟಡ ಗೆದ್ದರೆ ಮರುದಿನ ಎರಡರಲ್ಲಿ ಸೋಲುತ್ತಿದ್ದ. ಅಂಕಗಳ ಪುಸ್ತಕ ತುಂಬುತ್ತ ಬಂತು. ಒಂಬತ್ತು, ಎಂಟು, ಎಂಟು, ಆರು, ಐದು. ಬೀಗದ ಅಂಗಡಿಯವನು ಇವನಿಗೊಂದು ಸ್ಟೂಲು ಹಾಕಿಕೊಡತೊಡಗಿದ. “ಏನು ಬರೀತೀರಿ ಸ್ವಾಮಿ ದಿನಾ?” ಎಂದು ಕೇಳಿದರೆ “ಹವಾಮಾನ,” ಎನ್ನುತ್ತಿದ್ದ. ಕೆಲವು ದಿನ ಅಂಕ ಇಳಿಯುತ್ತಲೇ ಇರಲಿಲ್ಲ. ಏಳರಲ್ಲೇ ಹಟ ಹಿಡಿದು ಕೂರುತ್ತಿತ್ತು. ಅಂಥ ದಿನ ಏಳನ್ನೇ ಹೆಗಲಿಗೆ ಹಾಕಿಕೊಂಡು ಮುಂದಿನ ಕಟ್ಟಡಕ್ಕೆ ಹೋಗಿ ಎಂದಿದ್ದರು ಸಮಾಲೋಚಕಿ. ಹೋಗುತ್ತಿದ್ದ.

ಎರಡು ತಿಂಗಳ ಗಡುವಿನ ಕೊನೆಯ ದಿನ ಸೂಪರ್‌ವೈಸರ್ ಆರು ಕಟ್ಟಡದ ಪಟ್ಟಿ ಕೊಟ್ಟರು. ಐದು ಸಾಮಾನ್ಯದವು. ಆರನೆಯದನ್ನು ನೋಡಿ ಅವನು ತಲೆ ಎತ್ತಿದ. ಅದು ಪೋಸ್ಟ್‌ಮ್ಯಾನರ ಕಟ್ಟಡ. ಘಟನೆಯಾದ ಮೇಲೆ ಅದನ್ನು ಬೇರೆಯವರು ನೋಡುತ್ತಿದ್ದರು.

“ಬೇಡ ಅಂದ್ರೆ ಬದಲಾಯಿಸ್ತೀನಿ,” ಎಂದರು ಸೂಪರ್‌ವೈಸರ್, ಅವನ ಮುಖ ನೋಡದೆ.

“ಇರಲಿ ಸಾರ್.”

ಐದು ಕಟ್ಟಡ ಸಂಜೆ ನಾಲ್ಕರೊಳಗೆ ಮುಗಿದವು, ಐದು ಸಹಿ. ಆರನೆಯದಕ್ಕೆ ಹೋದಾಗ ನಾಲ್ಕನೇ ಮಹಡಿಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತ. ಬೀಗ ಹೊಸದು, ಸ್ಕ್ರೂ ಹೊಸದು. ತಿರುಪುಳಿ ಹಾಕಿ ಬಿಗಿ ನೋಡಿದ. ನೋಡುತ್ತಿದ್ದೇನೆ ಎಂದು ತನಗೆ ತಾನೇ ಮೆಲ್ಲಗೆ ಹೇಳಿಕೊಂಡ. ಮುಂದಿನ ಮಹಡಿಗೆ ಹೋದ. ಮೇಲೆ ಕಾರ್ಡಿನಲ್ಲಿ ತಾರೀಖು ಬರೆದು ಸಹಿ ಹಾಕಿದ.

ಇಳಿದು ಬರುವಾಗ ನೆಲಮಹಡಿಯಲ್ಲಿ ಪೋಸ್ಟ್‌ಮ್ಯಾನರೇ ಎದುರಾದರು. ಕೈಯಲ್ಲಿ ಹಾಲಿನ ಪಾತ್ರೆ. ಅವನು ಹಿಂದೆ ಸರಿದು ದಾರಿ ಬಿಟ್ಟ.

“ಓ, ನೀವಾ! ಬಹಳ ದಿನ ಆಯ್ತಲ್ಲ ನೋಡಿ,” ಎಂದರು ಅವರು. “ಸರಿ ಇದೆಯಾ ಲಿಫ್ಟು?”

“ನಾನು ನೋಡಿದಷ್ಟು ಸರಿ ಇದೆ.”

“ಅಷ್ಟು ಸಾಕಪ್ಪ.” ಒಂದು ಕ್ಷಣ ಲಿಫ್ಟಿನ ಬಾಗಿಲು ನೋಡಿದರು. ಆಮೇಲೆ ಮೆಟ್ಟಿಲ ಕಡೆ ತಿರುಗಿ, ಕಂಬಿ ಹಿಡಿದು, ನಿಧಾನವಾಗಿ ಹತ್ತತೊಡಗಿದರು.

ಆ ಹೆಜ್ಜೆ ಸದ್ದು ಕೇಳುತ್ತಲೇ ಅವನು ಬೀದಿಗೆ ಬಂದ. ಬಸ್‌ಸ್ಟಾಪಿನಲ್ಲಿ ಪುಸ್ತಕ ತೆಗೆದು ಬರೆದ: ಒಂಬತ್ತು. ಬಸ್ ಬಂತು. ಕಾಲು ಏಳಲಿಲ್ಲ, ಬಿಟ್ಟುಬಿಟ್ಟ. ಎಂಟು. ತಿರುಗಿ ಕಟ್ಟಡವನ್ನು ನೋಡಿದ. ತಾರಸಿಯ ಮೇಲಿನ ಪುಟ್ಟ ಕೋಣೆ ಸಂಜೆ ಬಿಸಿಲಿಗೆ ಹಳದಿಯಾಗಿತ್ತು. ಎಂಟು. ಎಂಟು. ಇನ್ನೊಂದು ಬಸ್ ಬಂತು. ಎಂಟನ್ನು ಹೊತ್ತುಕೊಂಡೇ ಹತ್ತಿದ. ಎರಡನೇ ಸ್ಟಾಪು ಬಂದಾಗ ಕೈ ತಾನಾಗಿ ಕಂಬಿ ಹಿಡಿಯಿತು, ಪಕ್ಕದ ಹೆಂಗಸು “ಇಳಿಯೋರಾ?” ಎಂದು ಕಾಲು ಸರಿಸಿದಳು. “ಇಲ್ಲ, ಇಲ್ಲ, ಮುಂದೆ,” ಎಂದ. ಅವನ ಮನೆಯ ಸ್ಟಾಪು ಬಂದಾಗ ಪುಸ್ತಕದಲ್ಲಿ ನಾಲ್ಕು ಎಂದಿತ್ತು.

ಬಾಗಿಲಲ್ಲೇ ತಾಯಿ ಕೂತಿದ್ದಳು. “ಏನೋ ಇಷ್ಟು ಬೇಗ ಬಂದ್ಬಿಟ್ಟೆ? ಕೆಲಸದಿಂದ ತೆಗೆದುಬಿಟ್ರಾ?”

“ಇಲ್ಲಮ್ಮ. ಕೆಲಸ ಮುಗೀತು.”

“ಮುಗೀತಾ?” ಎಂದು ಅಡುಗೆಮನೆಯಿಂದ ಹೆಂಡತಿ ಇಣುಕಿದಳು. ಅವನು ಬೆರಳೆತ್ತಿ ಆರು ತೋರಿಸಿದ. ಅವಳು ದಿನದಂತೆ ಆರಿದ ಅಡುಗೆ ಬಿಸಿಮಾಡಲು ಒಲೆ ಹಚ್ಚುವ ಬದಲು ಸೀದಾ ತಟ್ಟೆ ಇಟ್ಟಳು. ಅಡುಗೆ ಇನ್ನೂ ಬಿಸಿಯಾಗಿಯೇ ಇತ್ತು.

ಅವನು ಸ್ಟೋರಿಗೆ ಹೋಗಲಿಲ್ಲ. ಕಂಪನಿ ಕೊಟ್ಟ ಆರು ಸಲ ಮುಗಿದ ಮೇಲೆ ತಿಂಗಳಿಗೊಮ್ಮೆ ತಾನೇ ಸಮಯ ಗೊತ್ತುಮಾಡಿಕೊಂಡು ಸಮಾಲೋಚಕಿಯ ಜೊತೆ ಮಾತಾಡುತ್ತಾನೆ, ಟೀಚರಮ್ಮನ ಓದುವ ಕೋಣೆಯಲ್ಲೇ. ಜೊತೆಯವರು ಈಗಲೂ ಅವನನ್ನು ಇನ್ನೊಂದ್ಸಲ ಎಂದೇ ಕರೆಯುತ್ತಾರೆ. ಅಡ್ಡಹೆಸರು ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಪೋಸ್ಟ್‌ಮ್ಯಾನರು ಇವತ್ತಿಗೂ ಮೆಟ್ಟಿಲಲ್ಲೇ ಹತ್ತುತ್ತಾರೆ. ಎಂದಾದರೂ ಲಿಫ್ಟ್ ಹತ್ತುತ್ತಾರೋ ಇಲ್ಲವೋ ಹೇಳಲಾರೆ.

ಆ ಬೆಳಗ್ಗೆ ನಾಲ್ಕನೇ ಮಹಡಿಯ ಸ್ಕ್ರೂ ಬಿಗಿಯಾಗಿತ್ತೋ ಸಡಿಲವಾಗಿತ್ತೋ, ಅದು ಅವನಿಗೆ ಗೊತ್ತಾಗಲೇ ಇಲ್ಲ. ನನಗೂ ಗೊತ್ತಿಲ್ಲ.